ಸಮ್ಮೋಹನ ಮಾಟವೂ ಅಲ್ಲ, ಮಾತ್ರೆಗೆ ಬದಲೂ ಅಲ್ಲ



ಈ ಸಲ ಅಡುಗೆಮನೆಯಿಂದ ಸ್ವಲ್ಪ ಹೊರಗೆ ಬರೋಣ. ಹಿಪ್ನಾಟಿಸಂ, ಅಂದರೆ ಸಮ್ಮೋಹನ, ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ಕರಿ ಕೋಟು ತೊಟ್ಟ ಜಾದೂಗಾರ, ಅವನ ಕೈಯಲ್ಲಿ ತೂಗಾಡುವ ಗಡಿಯಾರ, ಎದುರಿಗೆ ಕಣ್ಣು ಮುಚ್ಚಿ ಅವನು ಹೇಳಿದಂತೆ ಕುಣಿಯುವ ಬಡಪಾಯಿ. ಜಾತ್ರೆಯಲ್ಲೋ ಸಿನಿಮಾದಲ್ಲೋ ನಾವು ನೋಡಿರುವುದು ಅಷ್ಟೇ. ಹಾಗಾಗಿ ಆ ಹೆಸರು ಕೇಳಿದರೆ ನಮಗೆ ಅರ್ಧ ಭಯ, ಅರ್ಧ ಆಸೆ. "ಕಣ್ಣಲ್ಲಿ ಕಣ್ಣಿಟ್ಟು ನೋಡಿ ಒಡವೆ ಬಿಚ್ಚಿಸ್ಕೊಂಡು ಹೋದ್ರಂತೆ" ಅನ್ನೋದು ಭಯ. "ಕುಡಿತಾನ ಒಂದೇ ಸಲಕ್ಕೆ ಬಿಡಿಸ್ತಾರಂತೆ" ಅನ್ನೋದು ಆಸೆ. ಈ ಎರಡರ ನಡುವೆ ನಿಜ ಎಲ್ಲಿದೆ ಅಂತ ತಿಳಿದುಕೊಳ್ಳದೆ ಹೋದರೆ ಕೈಯಲ್ಲಿದ್ದ ದುಡ್ಡೂ ಹೋಗುತ್ತೆ, ಮನೆಯ ಮಗುವಿನ ಆರೋಗ್ಯವೂ ಹೋಗುತ್ತೆ. ಅದಕ್ಕೇ ಈ ಮಾತು.

ನಾನಿರುವುದು ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿ. ರಾಗಿ ಹೊಲ, ಹಿಪ್ಪುನೇರಳೆ ತೋಟ ಇದ್ದ ಕಡೆ ಈಗ ಕೈಗಾರಿಕಾ ಪ್ರದೇಶ. 2025ರಲ್ಲಿ ಜಿಲ್ಲೆಯ ಹೆಸರೂ ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಅಂತಾಯಿತು. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು, ರಾತ್ರಿ ಇನ್ನೊಂದು ಬಸ್ಸು. ಒಂದು ವಾರ ಹಗಲು ಶಿಫ್ಟು, ಇನ್ನೊಂದು ವಾರ ರಾತ್ರಿ ಶಿಫ್ಟು. ಗಂಡ ಮನೆಗೆ ಬರೋ ಹೊತ್ತಿಗೆ ಹೆಂಡತಿ ಡಬ್ಬಿ ಕಟ್ಕೊಂಡು ಹೊರಟಿರುತ್ತಾಳೆ. ಸಂಬಳ ಬರ್ತಾ ಇದೆ, ಸಂತೋಷವೇ. ಆದರೆ ನಿದ್ದೆ ಕೆಟ್ಟ ಮನೆಗಳು ಬೇಕಾದಷ್ಟಿವೆ. ನಿದ್ದೆ ಕೆಟ್ಟ ಮೇಲೆ ಮನಸ್ಸು ಕೆಡೋದಕ್ಕೆ ಎಷ್ಟು ಹೊತ್ತು? ಬಸ್ ಸ್ಟ್ಯಾಂಡಿನ ಗೋಡೆ ನೋಡಿದರೆ ಚೀಟಿಗಳು: ಭಯ, ನಿದ್ರಾಹೀನತೆ, ಕುಡಿತ, ಗಂಡ ಹೆಂಡಿರ ಕಲಹ, ಮಕ್ಕಳ ಮಂಕುತನ, ಎಲ್ಲಕ್ಕೂ ಸಮ್ಮೋಹನದಿಂದ ಶಾಶ್ವತ ಪರಿಹಾರ. ಸರ್ವರೋಗಕ್ಕೂ ಸಾರಾಯಿಯೇ ಮದ್ದು ಅಂದ ಹಾಗಾಯ್ತು!

ಈ ವಿದ್ಯೆ ಬಂದದ್ದೆಲ್ಲಿಂದ?

ಇನ್ನೂರೈವತ್ತು ವರ್ಷಗಳ ಹಿಂದೆ ಯೂರೋಪಿನಲ್ಲಿ ಫ್ರಾನ್ಜ್ ಆಂಟನ್ ಮೆಸ್ಮರ್ ಅನ್ನೋ ವೈದ್ಯ ಇದ್ದ. ಮನುಷ್ಯರ ಮೈಯಲ್ಲಿ ಅಯಸ್ಕಾಂತದಂಥ ಒಂದು ಶಕ್ತಿ ಹರಿಯುತ್ತೆ, ಅದು ಏರುಪೇರಾದರೆ ಕಾಯಿಲೆ, ಕೈಯಾಡಿಸಿ ಅದನ್ನು ಸರಿಮಾಡ್ತೀನಿ ಅಂತ ಅವನ ವಾದ. ಪ್ಯಾರಿಸ್ಸಿನ ಸಿರಿವಂತ ಹೆಂಗಸರೆಲ್ಲ ಅವನ ಮನೆ ಮುಂದೆ ಸಾಲು ನಿಂತರು. 1784ರಲ್ಲಿ ಫ್ರಾನ್ಸಿನ ರಾಜ ವಿಜ್ಞಾನಿಗಳ ಸಮಿತಿ ನೇಮಿಸಿದ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಅದರಲ್ಲಿದ್ದರು. ಅವರು ಪರೀಕ್ಷೆ ಮಾಡಿ, ಅಯಸ್ಕಾಂತವೂ ಇಲ್ಲ ಶಕ್ತಿಯೂ ಇಲ್ಲ, ಇದು ಕಲ್ಪನೆಯ ಕೆಲಸ ಅಂತ ಹೇಳಿಬಿಟ್ಟರು. ಮೆಸ್ಮರನ ಕಥೆ ಮುಗೀತು. ಆದರೆ ಬರೀ ಕಲ್ಪನೆಯಿಂದ ಮೈಯಲ್ಲಿ ಇಷ್ಟೆಲ್ಲ ಬದಲಾವಣೆ ಆಗೋದು ಹೇಗೆ ಅನ್ನೋ ಪ್ರಶ್ನೆ ಉಳೀತು.

ಆಮೇಲೆ 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಅನ್ನೋ ಶಸ್ತ್ರವೈದ್ಯ ಇದಕ್ಕೆ ಹಿಪ್ನಾಟಿಸಂ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಹಿಪ್ನಾಸ್ ಅಂದರೆ ನಿದ್ದೆ. ಇದು ನಿದ್ದೆಯಲ್ಲ, ಒಂದೇ ಕಡೆ ನೆಟ್ಟ ಗಮನ ಅಂತ ಅವನಿಗೇ ಮುಂದೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ನಮ್ಮ ದೇಶದ ಕಥೆಯೂ ಒಂದಿದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು ರೋಗಿಗಳನ್ನು ಹೀಗೆ ಮಂಪರಿಗೆ ತಂದು ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದರು. ಮೈ ಮರಗಟ್ಟಿಸೋ ಔಷಧಿ ಇನ್ನೂ ಬಂದಿರದ ಕಾಲ ಅದು. ಕಲ್ಕತ್ತೆಯಲ್ಲಿ ಅದಕ್ಕೇ ಅಂತ ಒಂದು ಆಸ್ಪತ್ರೆಯನ್ನೂ ತೆರೆದರು. ಆದರೆ 1846ರಲ್ಲಿ ಈಥರ್, 1847ರಲ್ಲಿ ಕ್ಲೋರೋಫಾರಂ ಬಂತು. ಯಾರಿಗೆ ಬೇಕಾದರೂ ಕೆಲವೇ ನಿಮಿಷದಲ್ಲಿ ಕೆಲಸ ಮಾಡೋ ಔಷಧಿ ಸಿಕ್ಕಿದ ಮೇಲೆ ಗಂಟೆಗಟ್ಟಲೆ ಕೈಯಾಡಿಸೋರು ಯಾರು? ಇದರಲ್ಲಿ ನಮಗೆ ಎರಡು ಪಾಠ. ಸಮ್ಮೋಹನದಲ್ಲಿ ಸತ್ಯ ಇದೆ. ಹಾಗೇ, ಅದಕ್ಕಿಂತ ಖಚಿತವಾದ ಮದ್ದು ಇದ್ದಾಗ ಆ ಮದ್ದನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳೋದು ಜಾಣತನವಲ್ಲ.

ಆ ಹೊತ್ತಿನಲ್ಲಿ ಏನಾಗುತ್ತೆ?

ಧಾರಾವಾಹಿ ನೋಡ್ತಾ ನೋಡ್ತಾ ಹಾಲು ಉಕ್ಕಿ ಹೋದದ್ದು ಗೊತ್ತಾಗದೆ ಕೂತಿದ್ದೀರಲ್ಲ? ಕಾದಂಬರಿ ಓದುವಾಗ ಮಕ್ಕಳು ಮೂರು ಸಲ "ಅಮ್ಮಾ" ಅಂದರೂ ಕೇಳಿಸದೆ ಹೋಗಿದೆಯಲ್ಲ? ಸಮ್ಮೋಹನ ಸುಮಾರಾಗಿ ಅದರ ಅಕ್ಕನೋ ತಂಗಿಯೋ ಅನ್ನಬಹುದು. ಚಿಕಿತ್ಸಕರು ಮೆತ್ತಗೆ, ಒಂದೇ ಸಮನೆ ಮಾತಾಡ್ತಾ ಮೈ ಸಡಿಲ ಬಿಡಿಸುತ್ತಾರೆ. ಗಮನ ಒಂದು ಕಡೆ ನಿಲ್ಲುತ್ತೆ, ಉಳಿದ ಗದ್ದಲ ಹಿಂದೆ ಸರಿಯುತ್ತೆ. ಆಗ ಹೇಳಿದ ಸೂಚನೆ ಮನಸ್ಸಿಗೆ ಸುಲಭವಾಗಿ ನಾಟುತ್ತೆ. ಅಷ್ಟೇ ವಿಷಯ. ನಿದ್ದೆಯಲ್ಲ, ಎಚ್ಚರ ಇರುತ್ತೆ. ಮನಸ್ಸಿಗೆ ಒಪ್ಪದ್ದನ್ನು ಹೇಳಿದರೆ ಬೇಡ ಅನ್ನೋ ಶಕ್ತಿಯೂ ಇರುತ್ತೆ. ದಾರಿಯಲ್ಲಿ ಒಡವೆ ಕಳೆದುಕೊಂಡವರನ್ನು ಕಳ್ಳರು ಮಾತಿನಲ್ಲಿ ಮರುಳು ಮಾಡಿರುತ್ತಾರೆ, ಗಮನ ಬೇರೆ ಕಡೆ ಸೆಳೆದಿರುತ್ತಾರೆ, ಇಲ್ಲವೇ ಏನಾದರೂ ಕುಡಿಸಿರುತ್ತಾರೆ. ಕಣ್ಣಿನ ಮಾಯೆ ಅದಲ್ಲ.

ಎಲ್ಲರಿಗೂ ಇದು ಒಂದೇ ತರಹ ಹತ್ತೋದೂ ಇಲ್ಲ. ನೂರಕ್ಕೆ ಹತ್ತು ಹದಿನೈದು ಮಂದಿ ಬಲು ಬೇಗ ಆಳಕ್ಕೆ ಇಳೀತಾರೆ, ಸುಮಾರು ಅಷ್ಟೇ ಮಂದಿಗೆ ಏನು ಮಾಡಿದರೂ ಹತ್ತೋದಿಲ್ಲ, ಉಳಿದವರು ನಡುವೆ. ಹಾಗಾಗಿ "ಗ್ಯಾರಂಟಿ" ಅಂತ ಯಾರಾದರೂ ಅಂದರೆ ಅಲ್ಲೇ ಅನುಮಾನ ಪಡಿ.

ಎಲ್ಲಿ ಉಪಯೋಗ, ಎಲ್ಲಿ ಅಪಾಯ?

ಉಪಯೋಗ ಇಲ್ಲ ಅಂತ ನಾನು ಹೇಳೋದಿಲ್ಲ. ಬ್ರಿಟನ್ನಿನ ವೈದ್ಯರ ಸಂಘ 1955ರಲ್ಲಿ, ಅಮೆರಿಕದ ವೈದ್ಯರ ಸಂಘ 1958ರಲ್ಲಿ, ತರಬೇತಾದವರ ಕೈಯಲ್ಲಿ ಇದಕ್ಕೆ ವೈದ್ಯದಲ್ಲಿ ಜಾಗ ಇದೆ ಅಂತ ಒಪ್ಪಿಕೊಂಡವು. ಹೊಟ್ಟೆ ನುಲಿತ, ಉಬ್ಬರ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ, ಎಲ್ಲ ಪರೀಕ್ಷೆ ಮಾಡಿದರೂ ಏನೂ ಸಿಗದ ಕರುಳಿನ ತೊಂದರೆ ಒಂದಿದೆ ನೋಡಿ, ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಇದೆ. 1984ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಡಾಕ್ಟರುಗಳು ಅಂಥ 30 ರೋಗಿಗಳ ಮೇಲೆ ಸಮ್ಮೋಹನ ಚಿಕಿತ್ಸೆ ಪರೀಕ್ಷಿಸಿ ಗುಣ ಕಂಡರು. ಈಗ ಬ್ರಿಟನ್ನಿನಲ್ಲಿ, ವರ್ಷ ಕಳೆದರೂ ಔಷಧಿಗೆ ಬಗ್ಗದ ಇಂಥ ತೊಂದರೆಗೆ ಇದನ್ನೂ ಯೋಚಿಸಬಹುದು ಅಂತ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ನೋವು ತಡೆದುಕೊಳ್ಳೋದಕ್ಕೆ, ಸೂಜಿಯ ಭಯ, ಹಲ್ಲಿನ ಡಾಕ್ಟರ ಕುರ್ಚಿಯ ಭಯ, ಆಪರೇಷನ್ನಿಗೆ ಮುಂಚಿನ ಗಾಬರಿ, ಇವಕ್ಕೆಲ್ಲ ಬೇರೆ ಚಿಕಿತ್ಸೆಯ ಜೊತೆಗೆ ಕೈಜೋಡಿಸುತ್ತೆ. ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ಆದರೆ ಉಪ್ಪಿನಕಾಯಿಯನ್ನೇ ಅನ್ನ ಅಂತ ಬಡಿಸಿದರೆ?

ಅಪಾಯ ಎಲ್ಲಿ ಅಂದರೆ, ಇಲ್ಲದ ದನಿ ಕೇಳಿಸೋದು, ಎಲ್ಲರ ಮೇಲೆ ವಿಪರೀತ ಅನುಮಾನ, ಸಾಯಬೇಕು ಅನ್ನೋ ಯೋಚನೆ, ಬಾಣಂತಿಗೆ ಮಗು ಬೇಡವಾಗೋದು, ಇಂಥ ಕಡೆ ಮೊದಲು ಬೇಕಾದ್ದು ಮನೋವೈದ್ಯರು. ಫಿಟ್ಸಿಗೂ ಡಾಕ್ಟರೇ ಬೇಕು. ಮಂಕಾಗಿ ಕೂತವರಿಗೆ ಥೈರಾಯ್ಡ್ ತೊಂದರೆಯೋ ರಕ್ತಹೀನತೆಯೋ ಇದ್ದರೆ ಅದು ರಕ್ತಪರೀಕ್ಷೆಯಲ್ಲಿ ಗೊತ್ತಾಗಬೇಕು, ಕಣ್ಣುಮುಚ್ಚಿಸಿ ಕೂರಿಸಿದರೆ ಗೊತ್ತಾಗೋದಿಲ್ಲ. ಕುಡಿತದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ವರ್ಷಗಟ್ಟಲೆ ದಿನಾ ವಿಪರೀತ ಕುಡಿದವರು ಡಾಕ್ಟರ ಸಹಾಯ ಇಲ್ಲದೆ ಥಟ್ಟನೆ ಬಿಟ್ಟರೆ ಕೈಕಾಲು ನಡುಕ, ಫಿಟ್ಸು, ಭ್ರಮೆ ಬಂದು ಜೀವಕ್ಕೇ ಸಂಚಕಾರ ಆಗಬಹುದು. "ಒಂದೇ ದಿನದಲ್ಲಿ ಬಿಡಿಸ್ತೀನಿ" ಅನ್ನೋ ಪುಣ್ಯಾತ್ಮರಿಗೆ ಇದು ಗೊತ್ತಿರುತ್ತೋ ಇಲ್ಲವೋ!

ಇನ್ನೊಂದು ಹೊಸ ಗೀಳು, ಸಮ್ಮೋಹನದಲ್ಲಿ ಹಿಂದಿನ ಜನ್ಮ ತೋರಿಸೋದು. ಮಂಪರಿನಲ್ಲಿ ಮನಸ್ಸು ಕಥೆ ಹೆಣೆಯೋದರಲ್ಲಿ ಬಲು ಜಾಣ. ಕೇಳಿದವರ ಪ್ರಶ್ನೆಗೆ ತಕ್ಕ ಹಾಗೆ ನಡೆಯದ ಸಂಗತಿಯೂ ನಡೆದ ಹಾಗೇ ಕಣ್ಣಿಗೆ ಕಟ್ಟುತ್ತೆ, ಆಮೇಲೆ ಅದೇ ನಿಜ ಅಂತ ಕೂರುತ್ತೆ. "ಚಿಕ್ಕಂದಿನಲ್ಲಿ ನಿನಗೆ ಯಾರೋ ಏನೋ ಮಾಡಿದ್ದಾರೆ, ನೆನಪಿಸ್ಕೋ" ಅಂತ ಕೆದಕಿ ಕೆದಕಿ, ಇಲ್ಲದ ನೆನಪು ಹುಟ್ಟಿ, ತಂದೆ ಮಕ್ಕಳೇ ಮುರಿದುಕೊಂಡ ಮನೆಗಳು ಅಮೆರಿಕದಲ್ಲಿ ಆಗಿಹೋಗಿವೆ.

ನಮ್ಮ ಬೀದಿಯ ಒಂದು ಮನೆ

ಹೆಸರು ಬೇಡ. ಮಗಳು ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗ್ತಿದ್ದಳು. ಮೊದಲು ನಿದ್ದೆ ಹೋಯ್ತು, ಊಟ ಹೋಯ್ತು, ಆಮೇಲೆ ಯಾರೂ ಇಲ್ಲದ ಕಡೆ "ನನ್ನ ಬೈತಾವ್ರೆ" ಅನ್ನೋದಕ್ಕೆ ಶುರುವಾಯ್ತು. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರು. ಮಾತ್ರೆ ತಗೊಂಡು ಎರಡು ತಿಂಗಳಲ್ಲಿ ಹುಡುಗಿ ಜಡೆ ಹಾಕ್ಕೊಂಡು ನಗ್ತಾ ಬಾಗಿಲಿಗೆ ರಂಗೋಲಿ ಬಿಡೋ ಹಾಗಾದಳು. ಆಗ ನೆಂಟರೊಬ್ಬರು ಬಂದು, ಮಾತ್ರೆ ತಿನ್ನೋ ಹುಡುಗಿಗೆ ಗಂಡು ಯಾರು ಕೊಡ್ತಾರೆ ಅಂತ ಹೆದರಿಸಿ, ಬೇರೆ ಊರಿನಲ್ಲಿ ಸಮ್ಮೋಹನ ಮಾಡೋ ಒಬ್ಬನ ಹತ್ತಿರ ಕರಕೊಂಡು ಹೋದರು. ಐದು ಸಲಕ್ಕೆ ಇಪ್ಪತ್ತು ಸಾವಿರ. ಮಾತ್ರೆ ನಿಲ್ಲಿಸಿದರೇ ನನ್ನ ವಿದ್ಯೆ ಹತ್ತೋದು ಅಂದನಂತೆ ಅವನು.

ಆ ತಾಯಿ ಬಂದು ಹೇಳಿದಾಗ ನಾನು, "ಅವನು ಡಾಕ್ಟರಾ? ಎಲ್ಲಿ ಓದಿದಾನೆ ಅಂತ ಕೇಳಿದ್ರಾ?" ಅಂದೆ.

"ಅದೆಲ್ಲ ನಾವೆಂಗೆ ಕೇಳಾನ ಅಕ್ಕ? ಗೋಡೆ ತುಂಬ ಸರ್ಟಿಫಿಕೇಟು ತಗಲಾಕವ್ನೆ. ಅಷ್ಟೊಂದು ದುಡ್ಡು ಇಸ್ಕಂಡೋರು ಸುಳ್ಳು ಹೇಳ್ತಾರಾ?"

ಈ ಮಾತು ನನ್ನನ್ನು ತುಂಬ ದಿನ ಕಾಡಿತು. ಬಿಟ್ಟಿ ಸಿಕ್ಕ ಮದ್ದಿಗೆ ಬೆಲೆಯಿಲ್ಲ, ಕಿವಿಯೋಲೆ ಅಡ ಇಟ್ಟು ತಂದದ್ದಕ್ಕೆ ನಂಬಿಕೆ! ಮೂರನೇ ವಾರಕ್ಕೆ ಹುಡುಗಿ ರಾತ್ರಿಯೆಲ್ಲ ಎಚ್ಚರ, ಬೆಳಗಿನ ಜಾವ ಬರಿಗಾಲಲ್ಲಿ ಹೈವೇ ಕಡೆ ಓಡಿದಳು. ದೇವರ ದಯೆ, ಹಾಲಿನವರು ನೋಡಿ ಕರೆತಂದರು. ಮತ್ತೆ ಅದೇ ಸರ್ಕಾರಿ ಡಾಕ್ಟರ ಹತ್ತಿರ ಹೋದೆವು. ಬೈತಾರೇನೋ ಅಂತ ತಾಯಿ ನಡುಗ್ತಿದ್ದರು, ಅವರು ಬೈಯಲಿಲ್ಲ. ಮಾತ್ರೆ ಮತ್ತೆ ಶುರುವಾಯ್ತು. ಮನಸ್ಸು ಒಂದು ಹದಕ್ಕೆ ಬಂದ ಮೇಲೆ ಅಲ್ಲಿನ ಮನಃಶಾಸ್ತ್ರಜ್ಞೆಯೇ ಅವಳಿಗೆ ಮೈ ಸಡಿಲ ಬಿಟ್ಟು ಉಸಿರಾಡೋದು, ರಾತ್ರಿ ಬಂದರೆ ಆಗೋ ಹೆದರಿಕೆ ಕಳೆಯೋದು ಹೇಳಿಕೊಟ್ಟರು. ನೋಡಿ, ಮನಸ್ಸನ್ನು ಮಾತಿನಿಂದ ತಣಿಸೋ ಕೆಲಸ ಅಲ್ಲೂ ನಡೀತು. ಆದರೆ ಸರಿಯಾದ ಹೊತ್ತಿನಲ್ಲಿ, ಕಲಿತವರ ಕೈಯಲ್ಲಿ, ಮಾತ್ರೆಯ ಜೊತೆಯಲ್ಲಿ, ಬಿಟ್ಟಿಯಾಗಿ.

ನಮ್ಮ ಹತ್ತಿರ ಇಲ್ಲದ್ದೇನು?

"ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು" ಅನ್ನೋ ಗಾದೆಯನ್ನು ನಕ್ಕು ಹೇಳ್ತೇವೆ. ಆದರೆ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ನಗು ಉಳಿದಿಲ್ಲ. ತ್ರಿವೇಣಿಯವರ 'ಶರಪಂಜರ' ನಮ್ಮಲ್ಲಿ ಓದದವರು ಕಡಿಮೆ. ಓದದವರು 1971ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅಭಿನಯ ನೋಡಿ ಅತ್ತಿದ್ದಾರೆ. ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಕಾವೇರಿಯನ್ನು ಮತ್ತೆ ಕೆಡಿಸಿದ್ದು ಮನೆಯವರ ಅನುಮಾನ, ನೆರೆಯವರ ಮಾತು. ಕೊರವಂಜಿ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಮ್ಮನ್ನು ನಗಿಸಿದವರು. ಅವರೇ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ನಮ್ಮಂಥವರಿಗೂ ಅರ್ಥವಾಗೋ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು 2024ರಲ್ಲಿ ಪದ್ಮಶ್ರೀ ಪಡೆದರು. ಇಷ್ಟು ಬೆಳಕು ಮನೆಯಲ್ಲೇ ಇರುವಾಗ ಗೋಡೆ ಚೀಟಿ ಹಿಂದೆ ಹೋಗೋದೇಕೆ? ಹಿತ್ತಲ ಗಿಡ ಮದ್ದಲ್ಲ ಅಂತಲೇ?

1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾಗಿದ್ದ ತರಬೇತಿ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಆ ದಶಕದಲ್ಲೇ ಅಲ್ಲಿನ ಡಾಕ್ಟರುಗಳು ಹಳ್ಳಿಗೇ ಹೋಗಿ ಚಿಕಿತ್ಸೆ ಕೊಡೋಣ ಅಂತ ಆರಿಸಿಕೊಂಡದ್ದು ನಮ್ಮ ಹಾರೋಹಳ್ಳಿಯಿಂದ ಜಿಗಣಿ ಕಡೆ ಹೋದರೆ ಸಿಗೋ ಸಕಲವಾರವನ್ನು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸೋದನ್ನ ಕಲಿಸಬಹುದು ಅಂತ ತೋರಿಸಿದ ಜಾಗಗಳಲ್ಲಿ ಅದೂ ಒಂದು. 2014ರಲ್ಲಿ ಕರ್ನಾಟಕ ಸರ್ಕಾರ ಮನೋಚೈತನ್ಯ ಅಂತ ಶುರುಮಾಡಿ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಏರ್ಪಾಡು ಮಾಡಿತು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೊರಗೆ ಹೋಗೋದಕ್ಕೆ ಆಗದಿದ್ದರೆ ಟೆಲಿ ಮನಸ್ ಅನ್ನೋ ಸರ್ಕಾರದ ಸಹಾಯವಾಣಿ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಕ್ಯಾಲೆಂಡರಿನ ಮೇಲೆ ಬರೆದಿಡಿ.

ಮೈಮೇಲೆ ಬರೋದರ ಬಗ್ಗೆಯೂ ಒಂದು ಮಾತು. ತಮಟೆ ಸದ್ದು, ಊದುಬತ್ತಿ ಹೊಗೆ, ಸುತ್ತಲ ಜನರ ನಿರೀಕ್ಷೆ, ಇವೆಲ್ಲ ಸೇರಿದಾಗಲೂ ಮನಸ್ಸು ಇಂಥದೇ ಒಂದು ಮಂಪರಿಗೆ ಹೋಗಬಹುದು. ಮನೆಯಲ್ಲಿ ಬಾಯಿ ಬಿಡೋದಕ್ಕೆ ಆಗದ ಸೊಸೆ ಆ ಹೊತ್ತಿನಲ್ಲಿ ಎಷ್ಟೋ ಮಾತಾಡಿಬಿಡ್ತಾಳೆ. ನಂಬಿಕೆ ನಿಮ್ಮದು, ನಾನು ಬೇಡ ಅನ್ನೋದಿಲ್ಲ. ಆದರೆ ದೆವ್ವ ಬಿಡಿಸ್ತೀವಿ ಅಂತ ಹೊಡೆಯೋದು, ಬರೆ ಹಾಕೋದು ಮಾತ್ರ ಪಾಪ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ ಕೂಡ.

ಹೋಗಲೇಬೇಕು ಅಂದರೆ ಇಷ್ಟು ಕೇಳಿ

1. ನೀವು ಎಂ.ಬಿ.ಬಿ.ಎಸ್. ಮೇಲೆ ಮನೋವೈದ್ಯ ಓದಿದವರೇ, ಇಲ್ಲವೇ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಚಿಕಿತ್ಸಾ ಮನಃಶಾಸ್ತ್ರಜ್ಞರೇ? ಹೇಳೋದಕ್ಕೆ ತಡವರಿಸಿದರೆ ಎದ್ದು ಬನ್ನಿ.

2. ಈಗ ತಗೋತಿರೋ ಮಾತ್ರೆ ನಿಲ್ಲಿಸಿ ಅಂದರೆ, ಮಾತ್ರೆ ಬರೆದ ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬೇಡಿ.

3. ಹೆಣ್ಣುಮಕ್ಕಳ ಜೊತೆ ಮನೆಯವರು ಯಾರಾದರೂ ಇರಲಿ. ಬಾಗಿಲು ಹಾಕಿ ಒಬ್ಬಳನ್ನೇ ಕೂರಿಸ್ತೀನಿ ಅಂದರೆ ಒಪ್ಪಬೇಡಿ.

4. ಇಷ್ಟು ಸಲಕ್ಕೆ ಇಷ್ಟು ಅಂತ ಮುಂಗಡ ಕೇಳಿದರೆ ಕೊಡಬೇಡಿ.

5. ಒಬ್ಬರನ್ನು ಅವರಿಗೆ ಗೊತ್ತಿಲ್ಲದ ಹಾಗೆ ವಶ ಮಾಡಿಕೊಡ್ತೀನಿ ಅನ್ನೋದು ಚಿಕಿತ್ಸೆಯಲ್ಲ, ಮೋಸ. ಚಿಕಿತ್ಸೆಗೆ ಬಂದವರ ಒಪ್ಪಿಗೆ ಬೇಕೇ ಬೇಕು.

ಮನೆಯಲ್ಲೇ ಹತ್ತು ನಿಮಿಷ

ಇದು ಸಮ್ಮೋಹನ ಅಲ್ಲ, ಅದರ ಹೊಸಿಲು ಅನ್ನಿ. ಒಲೆ ಆರಿಸಿ ಬನ್ನಿ, ಹಾಲು ಇಟ್ಟು ಬರಬೇಡಿ! ಚಾಪೆಯ ಮೇಲೆ ಮಲಗಿ. ಎರಡೂ ಮುಷ್ಟಿ ಬಿಗಿ ಹಿಡಿದು ಐದು ಎಣಿಸಿ, ಬಿಟ್ಟುಬಿಡಿ. ಹೀಗೇ ಪಾದ, ಮೀನಖಂಡ, ಹೊಟ್ಟೆ, ಭುಜ, ಕೊನೆಗೆ ಹಣೆ. ಬಿಗಿ ಹಿಡಿಯೋದು, ಸಡಿಲ ಬಿಡೋದು. ಆಮೇಲೆ ನಾಲ್ಕು ಎಣಿಸೋವರೆಗೂ ಉಸಿರು ಒಳಕ್ಕೆ, ಆರು ಎಣಿಸೋವರೆಗೂ ಹೊರಕ್ಕೆ. ಮನಸ್ಸಿಗೆ ಹಿತವಾದ ಒಂದು ಜಾಗ ನೆನಪು ಮಾಡಿಕೊಳ್ಳಿ, ತವರಿನ ಜಗಲಿಯಾದರೂ ಆದೀತು. ರಾತ್ರಿ ಶಿಫ್ಟು ಮುಗಿಸಿ ಬಂದವರು ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನು ಬೇರೆ ಕೋಣೆಯಲ್ಲಿಟ್ಟು ಮಾಡಿ ನೋಡಿ. ಇಲ್ಲದ ದನಿ ಕೇಳಿಸೋರು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಬೇಕು. ಹದಿನೈದು ದಿನ ಆದರೂ ನಿದ್ದೆ ಸರಿಹೋಗದಿದ್ದರೆ ಎಲ್ಲರೂ ಡಾಕ್ಟರ ಹತ್ತಿರ ಹೋಗಿ.

ಕೊನೆಗೆ ಒಂದು ಮಾತು. ಸಮ್ಮೋಹನದ ಬಲ ಇರೋದು ಗಡಿಯಾರದಲ್ಲಲ್ಲ, ನಂಬಿಕೆಯಿರೋರು ಆಡೋ ಮಾತಿನಲ್ಲಿ. ಹಾಗಾದರೆ ಯೋಚಿಸಿ, ಮಕ್ಕಳು ನಮ್ಮನ್ನು ನಂಬುವಷ್ಟು ಇನ್ಯಾರನ್ನು ನಂಬ್ತಾರೆ? ದಿನಾ ಬೆಳಗಾದರೆ "ನಿನ್ನ ಕೈಲಿ ಏನೂ ಆಗಲ್ಲ" ಅನ್ನೋ ತಾಯಿಯೂ, "ನಿನಗೆ ತಲೆ ಕೆಟ್ಟಿದೆ" ಅನ್ನೋ ಗಂಡನೂ ಗೊತ್ತಿಲ್ಲದೆಯೇ ಒಂದು ಸೂಚನೆ ಕೊಡ್ತಾ ಇರ್ತಾರೆ. ವರ್ಷಗಟ್ಟಲೆ ಕೇಳಿದ ಮನಸ್ಸು ಅದನ್ನೇ ನಿಜ ಅಂದುಕೊಳ್ಳುತ್ತೆ. ಇದನ್ನು ಬಿಡಿಸೋದಕ್ಕೆ ಯಾರಿಗೂ ಇಪ್ಪತ್ತು ಸಾವಿರ ಕೊಡಬೇಕಾಗಿಲ್ಲ. ನಾಳೆ ಬೆಳಿಗ್ಗೆ ಡಬ್ಬಿ ಕಟ್ಟಿ ಕೈಗೆ ಕೊಡುವಾಗ "ನೀನು ಮಾಡ್ತೀಯ, ಹೋಗಿ ಬಾ" ಅನ್ನಿ. ಕಾಯಿಲೆಗೆ ಡಾಕ್ಟರು ಇದ್ದಾರೆ, ಈ ಮಾತಿಗೆ ನೀವೇ ಬೇಕು.